ನಾಕಕ್ಕ ಒಂದು ಕೂಡಿಸಿದ್ರ

ನಸಿಕಿನ್ಯಾಗ ಮೂರಕ್ಕ ಫೋನು:
"ಶಮ್ಶಾದಕ್ಕಾ, ಮಶೀನು ಮಲಗೇತಿ,
ಮಣೂಕ ಬೆವರಾಕತ್ತಾವು."

ತಿಕೋಟಾ ರಸ್ತೆ. ಹಗಲು ಕುಡಿದ ಬಿಸಿಲನ್ನ
ಡಾಂಬರು ಇನ್ನೂ ಉಗುಳತಿತ್ತು.
ಬಿಜ್ಜರಗಿಯವರ ಕೋಲ್ಡ್ ಸ್ಟೋರೇಜಿನ ಬಾಗಿಲಕ
ದುಂಡಪ್ಪ ಹಡಪದ, ವಾಚಮನ್ನು, ಬ್ಯಾಟರಿ ಹಿಡದು ನಿಂತಿದ್ದ.
ಒಳಗ ಪೆಟ್ಟಿಗಿ ಮ್ಯಾಲ ಪೆಟ್ಟಿಗಿ,
ಥಂಡಿ ಬದಲಿ ಬೆಲ್ಲದ ವಾಸನಿ.

ಕಾಂಪ್ರೆಸರ್ ನೋಡಿದೆ, ಚೊಲೊ ಐತಿ.
ವೈರು ನೋಡಿದೆ, ಚೊಲೊ ಐತಿ.
ಕಡೀಕ ಸೆಟ್ಟಿಂಗಿನ ಫೈಲು ತಗದೆ.
ನಿನ್ನೆ ಹೊಸಾ ಪ್ರೋಗ್ರಾಮು ಹಾಕಿ
ಸೊಲ್ಲಾಪುರದ ಹುಡುಗ ಬಸ್ಸು ಹತ್ತಿದ್ದ.

ತಾಪ = 4
ಸಡಿಲ = 1
ಪಂಖಾ = ಇಲ್ಲ

ನಾಕರ ಮ್ಯಾಲ ಒಂದು ಡಿಗ್ರಿ ಸಡಿಲ.
ಐದು ದಾಟಿದ್ರ ಮಶೀನು ಏಳಬೇಕು.
ಎದ್ದಿಲ್ಲ.

ಅರ್ಧಾ ತಾಸು ಆ ಎರಡು ಅಂಕಿ ನೋಡಕೋತ ಕುಂತೆ.
ಆಮ್ಯಾಲ ತಿಳೀತು, ಅವು ಅಂಕೀನ ಅಲ್ಲ.
ಫೈಲಿನ ಹೊಸ್ತಿಲಾ ದಾಟಿ ಬರೂದೆಲ್ಲಾ
ಮೊದಲು ಅಕ್ಷರಾಗೇ ಬರತೈತಿ,
ನೀ ಇಂಥಾ ನಮೂನಿ ಅಂತ ಯಾರರ ಹೇಳೂತನಕಾ.
ಯಾರೂ ಹೇಳಿದ್ದಿಲ್ಲ.
ಕೂಡಿಸು ಅಂದದ್ದಕ್ಕ ಪ್ರೋಗ್ರಾಮು
ನಾಕರ ಬಾಜೂಕ ಒಂದನ್ನ ಕುಂಡರಿಸಿತ್ತು,
ಲಗ್ನದ ಫೋಟೊದಾಗ ಕುಂಡರಿಸಿಧಂಗ:
ನಲವತ್ತೊಂದು.
ಹೋಲಿಸೂ ಹೊತ್ತಿಗೆ ಅಂಕಿ ಮಾಡ್ಯಾನ ಖರೆ,
ಅಷ್ಟೊತ್ತಿಗೆ ಜೋಡಿ ಆಗಿಹೋಗಿತ್ತು.

ಮಧ್ಯಾಹ್ನ ಹೊರಗೂ ನಲವತ್ತೊಂದ ಇತ್ತು.
ಮಶೀನಿನ ಲೆಕ್ಕದಾಗ
ವಿಜಯಪುರ ಪೂರಾ ಥಂಡಿ ಗೋದಾಮು.

ಕೂಡಿಸೂಕಿಂತ ಮೊದಲ ಅಂಕಿ ಮಾಡು,
ಒಂದ ಶಬ್ದ ಬರದೆ.
ಕಾಂಪ್ರೆಸರ್ ಎರಡು ಸಲ ಕೆಮ್ಮಿ ಎದ್ದಿತು.

"ಮತ್ತ ಈ ಪಂಖಾ ಯಾಕ ರಾತ್ರಿಪೂರಾ ತಿರಗೇತಿ?
ಇಲ್ಲ ಅಂತ ಬರದೈತಲ್ಲ?" ದುಂಡಪ್ಪ ಕೇಳಿದ.
ಬರದೈತಿ, ಅದಕ್ಕ ತಿರಗತೈತಿ.
ಖಾಲಿ ಬಿಟ್ಟಿದ್ರ ಇಲ್ಲ ಅನಕೊಳ್ತಿತ್ತು.
ಇಲ್ಲ ಅನ್ನೂದೂ ಎರಡಕ್ಷರ ಅಲ್ಲೇನು?
ಏನರ ಇದ್ರ ಸಾಕು, ಅದಕ್ಕ ಹೌದು.
"ಬೀಗರ ಮನ್ಯಾಗ ರೊಟ್ಟಿ ಸಾಕು ಅಂದಂಗ," ಅಂದ,
"ಅಂದ್ರ ಇನ್ನೊಂದು ಬೀಳತೈತಿ."

ಫೈಲಿನ್ಯಾಗ ಎಷ್ಟೋ ಸಾಲು ಬರದಿರಲೇ ಇಲ್ಲ.
ಬರೀದಿದ್ರ ಇದನ್ನ ತಗೋ ಅಂತ
ಪ್ರೋಗ್ರಾಮಿನ ಹೊಟ್ಯಾಗ ಮೊದಲಿಂದ ಇಟ್ಟಿರತಾರ,
ಅಂತ ಅವಗ ಹೇಳಿದೆ.
ಸ್ವಲ್ಪ ಹೊತ್ತು ಬ್ಯಾಟರಿ ಆರಿಸಿ ಸುಮ್ಮ ನಿಂತ.
"ಹಂಗಂದ್ರ ನನ್ನ ಜೂನ್ ಒಂದು?"

ಸಾಲ್ಯಾಗ ಹೆಸರು ಹಚ್ಚೂ ಮುಂದ ಮಾಸ್ತರ ಕೇಳಿದ್ರಂತ,
ಹುಡುಗ ಯಾವಾಗ ಹುಟ್ಯಾನ?
ಸೀಗಿ ಹುಣ್ಣಿವಿ ಆಗಿ ಮೂರನೇ ದಿನಕ್ಕ,
ಎರೀ ಹೊಲಕ್ಕ ಬಿಳಿಜ್ವಾಳ ಬಿತ್ತಿ ಮನೀಗೆ ಬಂದಿದ್ದೆ,
ಅಂಗಳ ಕಸಾ ಹೊಡದಿದ್ದಿಲ್ಲ,
ಅಂತ ಅವರವ್ವ ಎಲ್ಲಾ ಹೇಳಿದ್ಳಂತ.
ಮಾಸ್ತರರ ಖಾನೆ ಸಣ್ಣದು,
ಎರಡಂಕಿ, ಒಂದು ಗೀಟು, ಎರಡಂಕಿ, ಒಂದು ಗೀಟು.
ಜೂನ್ ಒಂದು ಅಂತ ಬರದ್ರು.
"ನಮ್ಮ ಓಣಿ ಅರ್ಧಾ ಅವತ್ತ ಹುಟ್ಟೇತ್ರೀ ಅಕ್ಕಾ,
ಒಂದ ದಿನಾ ಇಷ್ಟು ಮಂದಿಗೆ ಯಾವ ಸೂಲಗಿತ್ತಿ ಸಾಕಾಗ್ಯಾಳು?"

ಮೀಟರು ಹದಿನೆಂಟು. ಹದಿನಾರು.
ಪೆಟ್ಟಿಗಿ ಮ್ಯಾಲಿನ ಬೆವರು ಆರಾಕತ್ತಿತ್ತು.
ಫೈಲಿನ ತಳಕ್ಕ ಒಂದು ಹ್ಯಾಶ್ ಹಾಕಿದೆ.
ಹ್ಯಾಶಿನ ಮುಂದಿಂದನ್ನ ಮಶೀನು ಓದಂಗಿಲ್ಲ,
ಅಂಕಿ ಮಾಡಂಗಿಲ್ಲ, ಹೌದು ಮಾಡಂಗಿಲ್ಲ.
ಅಲ್ಲಿ ಬರದೆ:

# ದುಂಡಪ್ಪ, ಸೀಗಿ ಹುಣ್ಣಿವಿ ಆಗಿ ಮೂರನೇ ದಿನ, ಬಿಳಿಜ್ವಾಳ

ಮುಂದ ಯಾವನರ ತಗದು ನೋಡಿದ್ರ ತಲಿ ಕೆರಕೊಳ್ಳಲಿ.

"ಚಹಾ ಕುಡೀತೀರೇನು?" ಅಂದ.
ಇಲ್ಲ ಅಂದೆ.
ತಂದ.